ಕಿವಿಗೆ ಹಚ್ಚಿದ ಸ್ಕ್ರೂಡ್ರೈವರ್

ಜಮಖಂಡಿಯ ಆ ಕಾರು ಮೆಕ್ಯಾನಿಕ್ ಬಾನೆಟ್ ಎತ್ತಿದ ಕೂಡಲೇ ಏನನ್ನೂ ಬಿಚ್ಚುತ್ತಿರಲಿಲ್ಲ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಓಡುವ ಎಂಜಿನ್ನಿಗೆ ಊರಿ, ಹಿಡಿಕೆಯನ್ನು ಕಿವಿಗೆ ಹಚ್ಚಿ ಕಣ್ಣು ಮುಚ್ಚುತ್ತಿದ್ದ. ನಾವು ಬಾಯಿ ತೆರೆದರೆ, "ತಡೀರಿ, ಗಾಡಿ ಹೇಳಾಕತ್ತೈತಿ" ಎನ್ನುತ್ತಿದ್ದ.

ನನ್ನ ಕಾರಿನ ಕಂಪನಿಯೆಂದರೆ ಅವನಿಗೆ ಪ್ರಾಣ. ಗೋಡೆಯ ಮೇಲೆ ಅದರ ರೇಸ್ ಕಾರಿನ ಚಿತ್ರವಿತ್ತು. ಅಮಾವಾಸ್ಯೆಗೆ ಗಿರಾಕಿಗಳ ಗಾಡಿಗಳ ಜೊತೆ ಅದಕ್ಕೂ ಕುಂಕುಮ ಹಚ್ಚುತ್ತಿದ್ದ. ನಷ್ಟಕ್ಕೆ ಸಿಲುಕಿದ ಕಂಪನಿ ರೇಸು ಬಿಟ್ಟ ಸುದ್ದಿಯನ್ನು ಪತ್ರಿಕೆಯಲ್ಲಿ ನೋಡಿ ನಾನೇ ಓದಿ ಹೇಳಿದೆ.

"ದಣದೈತ್ರಿ ಸರ. ಒಂದ ವರ್ಷ ಕುಂತು ಮತ್ತ ಓಡತೈತಿ."

ಮುಂದಿನ ಅಮಾವಾಸ್ಯೆಗೂ ಕುಂಕುಮ ಹಚ್ಚಿದ. ವರ್ಷ ಕಳೆಯಿತು. ಕಂಪನಿ ಮತ್ತೆ ಓಡಲಿಲ್ಲ. ಶೋರೂಮು ಮುಚ್ಚಿತು, ಬಿಡಿಭಾಗಗಳು ಬರುವುದೂ ನಿಂತಿತು.

ಕೊನೆಯ ಸಲ ಹೋದಾಗ ನನ್ನ ಕಾರು ಗೊರಗೊರ ಎನ್ನುತ್ತಿತ್ತು. ಎಂದಿನಂತೆ ಸ್ಕ್ರೂಡ್ರೈವರ್ ಊರಿ ಬಹಳ ಹೊತ್ತು ಕೇಳಿದ.

"ಇದರ ಸಾಮಾನ ಇನ್ನ ಸಿಗಂಗಿಲ್ರಿ. ಮಾರಿಬಿಡ್ರಿ."

ನಾನು ಎಂಜಿನ್ ಆರಿಸಿ ಕೆಳಗಿಳಿದೆ. ಅವನು ಸ್ಕ್ರೂಡ್ರೈವರನ್ನು ಕಿವಿಯಿಂದ ತೆಗೆದಿರಲಿಲ್ಲ, ಕಣ್ಣು ಮುಚ್ಚಿಯೇ ಇದ್ದವು. ಬಾನೆಟ್ ಇಳಿಸಲು ಕೈ ಹಾಕಿದೆ.

"ತಡೀರಿ" ಎಂದ.