ಏಡಿ ಮೇಡಂ ಮತ್ತು ಅಪ್ಪನ ಸರ್ವೀಸ್ ಸ್ಟೇಷನ್

ನಮ್ಮ ಮೇಡಂ ಅವರ ಬಲಗೈ ಹೆಬ್ಬೆರಳಿಗೆ ಅರ್ಧ ಉಗುರೇ ಇರಲಿಲ್ಲ. ಕಾರವಾರದ ಕಡೆ ಸಂಶೋಧನೆಗೆಂದು ಇದ್ದಾಗ ಸಮುದ್ರದ ಏಡಿಯೊಂದು ಕಚ್ಚಿ ಕಿತ್ತುಕೊಂಡದ್ದಂತೆ. "ತಪ್ಪು ಅದರದ್ದಲ್ಲ, ನಾನು ಹಿಡಿದದ್ದೇ ಸರಿಯಿರಲಿಲ್ಲ" ಎನ್ನುತ್ತಿದ್ದರು. ಮನುಷ್ಯರ ವಿಷಯದಲ್ಲಿ ಅವರು ಇಷ್ಟು ಔದಾರ್ಯ ತೋರಿಸಿದ್ದನ್ನು ನಾನು ಕಂಡಿಲ್ಲ.

ಚನ್ನಪಟ್ಟಣದ ಕಾಲೇಜಿನಲ್ಲಿ ನಮಗೆ ಪ್ರಾಣಿಶಾಸ್ತ್ರ ಕಲಿಸಿದವರು. ಹುಟ್ಟೂರು ದೊಡ್ಡಮಳೂರು. ಹಡಗಿನಿಂದ ಚೆಲ್ಲಿದ ಎಣ್ಣೆ ಏಡಿ, ಸಿಗಡಿಗಳಿಗೆ ಏನು ಮಾಡುತ್ತದೆ ಎಂಬುದು ಅವರ ಸಂಶೋಧನೆ. ಪಠ್ಯದಲ್ಲಿ ಅದು ಅರ್ಧ ಪುಟ. ಸಮುದ್ರವನ್ನೇ ನೋಡದ ನಮಗೆ ಮೂರು ವಾರ ಕೊರೆದರು.

"ಸತ್ತ ಏಡಿನ ಎಲ್ಲಾರೂ ಎಣಿಸ್ತಾರೆ. ಬದುಕಿರೋದರ ಗತಿ ಕೇಳಿ. ಎಣ್ಣೆ ತಾಕಿದ್ರೆ ವಾಸನೆ ಹಿಡಿಯೋ ಶಕ್ತಿನೇ ಹೋಯ್ತದೆ. ಮುಂದೆ ಊಟ ಇದ್ರೂ ಗೊತ್ತಾಗಲ್ಲ, ಪಕ್ಕದಲ್ಲಿ ಜೋಡಿ ಇದ್ರೂ ಗೊತ್ತಾಗಲ್ಲ. ಮರಿಗಳಂತೂ ಪೊರೆ ಬಿಡೋವಾಗ್ಲೇ ಸಾಯ್ತವೆ."

ನಡುವೆ ಯಾರಾದರೂ ಆಕಳಿಸಿದರೆ ಮತ್ತೆ ಮೊದಲಿನಿಂದ ಶುರು. ಹಿಂದಿನ ಬೆಂಚಿನವರು 'ಏಡಿ ಮೇಡಂ' ಎಂದು ಹೆಸರಿಟ್ಟಿದ್ದರು. ಅದು ಕಿವಿಗೆ ಬಿದ್ದಾಗ ಅವರು ಸಿಟ್ಟಾಗಲಿಲ್ಲ. "ಯಾವ ಜಾತಿ ಏಡಿ? ಸರಿಯಾಗಿ ಹೇಳಿ" ಎಂದರು.

ಎರಡನೇ ವರ್ಷ ಕೆಂಗಲ್ ಹತ್ತಿರದ ಹಳ್ಳಕ್ಕೆ ಏಡಿ ತೋರಿಸಲು ಕರೆದೊಯ್ದರು. ಹಳ್ಳದ ಮೇಲ್ಗಡೆ ರಸ್ತೆಬದಿಯಲ್ಲಿದ್ದದ್ದು ನನ್ನಪ್ಪನ ಸರ್ವೀಸ್ ಸ್ಟೇಷನ್. ಲಾರಿ ತೊಳೆದ ನೀರು, ಬದಲಿಸಿದ ಕರಿ ಆಯಿಲ್, ಎಲ್ಲವೂ ಒಂದೇ ಪೈಪಿನಲ್ಲಿ ಕೆಳಗಿಳಿಯುತ್ತಿತ್ತು. ನೀರಿನ ಮೇಲೆ ಬಣ್ಣಬಣ್ಣವಾಗಿ ಎಣ್ಣೆ ಹರಡಿತ್ತು. ಮೇಡಂ ಕಲ್ಲೆತ್ತಿದರೆ ಅಡಿಯಲ್ಲಿದ್ದ ಏಡಿ ಓಡಲೂ ಇಲ್ಲ.

"ಇದು ಎಲ್ಲಿಂದ ಬರ್ತೈತೆ?" ಎಂದರು.

"ಮೇಲಿನ ಊರಿಂದ ಇರಬೇಕು ಮೇಡಂ" ಎಂದೆ ನಾನು. ರೆಕಾರ್ಡ್ ಪುಸ್ತಕದಲ್ಲಿ 'ನೀರು ಸ್ವಚ್ಛವಾಗಿತ್ತು' ಎಂದೂ ಬರೆದುಕೊಟ್ಟೆ.

ಮುಂದಿನ ಭಾನುವಾರ ಪೈಪಿನ ಜಾಡು ಹಿಡಿದು ಅವರೇ ಸ್ಟೇಷನ್ನಿಗೆ ಬಂದುಬಿಟ್ಟರು.

"ಯಜಮಾನ್ರೇ, ಈ ಪೈಪ್ ನಿಮ್ದಾ? ಕೆಳಗೆ ಏಡಿಗಳು ಸಾಯ್ತಾ ಅವೆ."

ಅಪ್ಪ ನಕ್ಕರು. "ಏಡಿಗೋಸ್ಕರ ಬಂದ್ರಾ? ನೀವು ಸಮುದ್ರದ್ ವಿಸ್ಯ ಓದಿರೋರಂತೆ, ಮಗ್ಳು ಯೋಳವ್ಳೆ. ಇಲ್ಲಿ ಎಲ್ಲೈತೆ ಸಮುದ್ರ?"

"ಎಣ್ಣೆಗೆ ಉಪ್ಪುನೀರು, ಸಿಹಿನೀರು ಅಂತ ಭೇದ ಇಲ್ಲ."

"ಈಗ ಒಸಿ ಕೆಲ್ಸ ಐತೆ ಮೇಡಮ್ನೋರೆ. ಇನ್ನೊಂದಿನ ಬನ್ನಿ."

ಹಾಗೆಂದದ್ದೇ ತಪ್ಪಾಯಿತು. ಪ್ರತಿ ಭಾನುವಾರವೂ ಬಂದರು. ಎರಡು ಪ್ಲಾಸ್ಟಿಕ್ ಟಬ್ಬು. ಒಂದರಲ್ಲಿ ದೂರದ ಕೆರೆಯ ಏಡಿ, ಇನ್ನೊಂದರಲ್ಲಿ ನಮ್ಮ ಹಳ್ಳದ್ದು. ಎರಡಕ್ಕೂ ಒಂದೊಂದು ಚೂರು ಒಣಮೀನು. ನಮ್ಮದೇ ಕುರ್ಚಿಯಲ್ಲಿ ಕೂತು ಗಡಿಯಾರ ನೋಡಿ ಬರೆದುಕೊಳ್ಳುವರು. ಗಾಡಿ ತೊಳೆಸಲು ಬಂದ ಡ್ರೈವರುಗಳಿಗೆಲ್ಲ ಉಚಿತ ಪಾಠ. ನನಗೋ ತಲೆ ಎತ್ತಲಾಗದಷ್ಟು ನಾಚಿಕೆ. "ಆಯಮ್ಮಂಗೆ ಮನೆ ಮಠ ಇಲ್ವಾ?" ಎಂದು ಅಪ್ಪ ಮನೆಗೆ ಬಂದು ನನ್ನ ಮೇಲೆ ಹಾರಾಡುತ್ತಿದ್ದರು.

ನಾಲ್ಕನೇ ಭಾನುವಾರ ಅಪ್ಪನಿಗೆ ರೇಗಿಯೇ ಹೋಯಿತು. ಕೆರೆಯ ಏಡಿ ಆಗಲೇ ಮೀನನ್ನು ಹರಿದು ತಿನ್ನುತ್ತಿತ್ತು. ಅಪ್ಪ ಕಡ್ಡಿಯೊಂದನ್ನು ತೆಗೆದುಕೊಂಡು ನಮ್ಮ ಹಳ್ಳದ ಏಡಿಯ ಬಾಯಿ ಹತ್ತಿರಕ್ಕೇ ಮೀನು ತಳ್ಳಿದರು. "ತಿನ್ನು! ತಿಂದ್ಬುಟ್ಟು ಇವ್ರನ್ನ ಕಳ್ಸು!"

ಅದು ನಿಧಾನವಾಗಿ ಮೀನಿನ ಮೇಲೆಯೇ ನಡೆದು ಆಚೆ ಹೋಯಿತು. ಅಪ್ಪ ಮತ್ತೆ ತಳ್ಳಿದರು. ಮತ್ತೊಮ್ಮೆ. ಆಮೇಲೆ ಕಡ್ಡಿ ಬಿಸಾಕಿದರು.

"ಹೊಟ್ಟೆ ತುಂಬ ಮೊಟ್ಟೆ ಬೇರೆ ಕಟ್ಕೊಂಡೈತೆ ಇದು" ಎಂದರು, ಯಾರ ಮುಖವನ್ನೂ ನೋಡದೆ.

ಆ ವಾರವೇ ಪೈಪು ಮುಚ್ಚಿಸಿದರು. ಎಣ್ಣೆ ಬೇರೆಯಾಗಿ ನಿಲ್ಲುವ ಹಾಗೆ ತೊಟ್ಟಿ ಕಟ್ಟಿಸಿ, ಡ್ರಮ್ಮಿಗೆ ತುಂಬಿಸತೊಡಗಿದರು. ಕೇಳಿದವರಿಗೆ "ಅವ್ರ ಕಾಟ ತಪ್ಲಿ ಅಂತ" ಎನ್ನುತ್ತಿದ್ದರು.

ನನಗೆ ಮಾತ್ರ ಕಾಟ ತಪ್ಪಲಿಲ್ಲ. ಮೇಡಂ ನನ್ನ ರೆಕಾರ್ಡ್ ಪುಸ್ತಕವನ್ನು ಮೇಜಿನ ಮೇಲೆ ತೆರೆದಿಟ್ಟರು. "ಅಪ್ಪನ್ನ ಕಾಪಾಡಕ್ಕೆ ಬಾಯಲ್ಲಿ ಸುಳ್ಳು ಹೇಳಿದೆ, ಹೋಗ್ಲಿ. ಬರವಣಿಗೇಲೂ ಹೇಳ್ಬುಟ್ಯಲ್ಲ! ನೀನೇ ಹೊಡೆದುಹಾಕು. ಕಂಡಿದ್ದು ಬರಿ." ಅಳುತ್ತಲೇ ಬರೆದೆ. ಪರೀಕ್ಷೆ ಮುಗಿಯುವವರೆಗೂ ಅವರನ್ನು ಮನಸಾರೆ ಶಪಿಸಿದೆ.

ನಾನೀಗ ನೀರು ಪರೀಕ್ಷಿಸುವ ಲ್ಯಾಬಿನಲ್ಲಿದ್ದೇನೆ. 'ಒಸಿ ನೋಡ್ಕೊಂಡು ಬರೀರಿ ಮೇಡಂ' ಎನ್ನುವವರಿಗೆ ಕೊರತೆಯಿಲ್ಲ. ಕಂಡದ್ದನ್ನಷ್ಟೇ ಬರೆಯುತ್ತೇನೆ, ಜನ ನನ್ನನ್ನೂ ಶಪಿಸುತ್ತಾರೆ.

ಹೋದ ವರ್ಷ ಮೇಡಂ ಹಾಸಿಗೆ ಹಿಡಿದಾಗ ನೋಡಲು ಹೋಗಿದ್ದೆ. ಯಾವ ಕೆರೆ ನೋಡುತ್ತಿದ್ದೀ, ನೀರು ಹೇಗಿದೆ ಎಂದು ವಿಚಾರಿಸಿದರು. "ಪರವಾಗಿಲ್ಲ ಮೇಡಂ" ಎಂದೆ. ಮಲಗಿದ್ದಲ್ಲೇ ಹುಬ್ಬು ಗಂಟಿಕ್ಕಿದರು. "ಪರವಾಗಿಲ್ಲ ಅಂದ್ರೆ ಎಷ್ಟು?" ಅಂಕಿ ಹೇಳಿದೆ. "ಇನ್ನೊಂದ್ಸಲ ನೀರು ತೆಗೆದು ನೋಡು" ಎಂದು ಗೋಡೆಯ ಕಡೆ ತಿರುಗಿಕೊಂಡರು.

ಅವರು ತೀರಿಹೋದ ಸುದ್ದಿ ಬಂದಾಗ ಅದೇ ಕೆರೆಯ ದಡದಲ್ಲಿ ಎರಡನೇ ಸಲ ಪರೀಕ್ಷೆಗೆ ನೀರು ತುಂಬಿಸುತ್ತಿದ್ದೆ. ಬಿಟ್ಟು ಓಡಿದ್ದರೆ ಖಂಡಿತ ಬೈಯುತ್ತಿದ್ದರು. ಬಾಟಲಿಗೆ ಮುಚ್ಚಳ ಹಾಕಿದೆ, ಚೀಟಿ ಅಂಟಿಸಿದೆ, ಹೊತ್ತು ಬರೆದೆ. ಆಮೇಲೆ ಅವರ ಊರು ದೊಡ್ಡಮಳೂರಿನ ಕಡೆ ಹೊರಟೆ.