ಆಕ್ಸಲ್ ಆರುವವರೆಗೆ

ನೀರಿಗೆ ಹೆದರುವವನು ದೋಣಿ ಕೊಳ್ಳಬಾರದು. ನಾನು ನಾಲ್ಕೂ ಗಾಲಿ ಎಳೆಯುವ ಹಳೆಯ ಜೀಪು ಕೊಂಡೆ. ಕೆಸರಿರಲಿ, ಹಳ್ಳವಿರಲಿ, ಜಗ್ಗದ ಗಾಡಿ ಇದು ಎಂದು ಮಾರಿದವನು ಹೇಳಿದ್ದ. ಗಾಡಿಯ ವಿಷಯ ಅವನಿಗೆ ಗೊತ್ತಿತ್ತು, ನನ್ನ ವಿಷಯ ಗೊತ್ತಿರಲಿಲ್ಲ. ಬೀದರದ ಮೈಲೂರಿನ ನಮ್ಮ ಓಣಿಯಲ್ಲಿ ನಳ ಒಡೆದು ರಸ್ತೆಗೆ ನೀರು ಹರಿದರೆ ಸಾಕು, ನಾನು ಹಿಂದಿನ ಗಲ್ಲಿಯಿಂದ ಸುತ್ತುಹಾಕಿ ಮನೆ ಸೇರುತ್ತಿದ್ದೆ.

ನನ್ನ ಚಿಂತೆಯೆಲ್ಲ ಆಕ್ಸಲಿನ ಸೀಲಿನದು. ಗಾಲಿ ತಿರುಗಿಸುವ ಉಕ್ಕಿನ ದಂಡವೇ ಆಕ್ಸಲ್. ಅದರ ತುದಿಗೆ ಬಳೆಯಂಥ ಒಂದು ರಬ್ಬರ್ ಸೀಲು ಕೂತು, ಒಳಗಿನ ಎಣ್ಣೆ ಹೊರಗೆ ಹೋಗದಂತೆ, ಹೊರಗಿನ ನೀರು ಒಳಗೆ ಬರದಂತೆ ಕಾಯುತ್ತದೆ. ಅದು ಸೋತಿತೋ, ನೀರು ನುಗ್ಗಿ ಎಣ್ಣೆ ಹಾಲು ಹಾಕಿದ ಚಹದ ಬಣ್ಣಕ್ಕೆ ತಿರುಗುತ್ತದೆ, ಬೇರಿಂಗಿಗೆ ತುಕ್ಕು ಹಿಡಿಯುತ್ತದೆ. ಇಷ್ಟು ತಿಳಿದ ಮೇಲೂ ನಿದ್ದೆ ಬರುವ ಪುಣ್ಯವಂತರು ಇದ್ದಾರು.

ಹೀಗಾಗಿ ಒಂದು ಇಡೀ ಮಳೆಗಾಲ ಜೀಪನ್ನು ಅಂಗಳದಲ್ಲಿ ನಿಲ್ಲಿಸಿ, ತಾಡಪತ್ರಿ ಹೊದಿಸಿ, ಅಂಚಿಗೆ ಕಲ್ಲು ಹೇರಿದೆ. ಮಳೆ ಮುಗಿದ ಮೇಲೆ ಹೊರಗೆ ತೆಗೆದರೆ ಹಿಂದಿನ ಗಾಲಿಯಿಂದ ಎಣ್ಣೆ ಸೋರಿತು. ಮಿಸ್ತ್ರಿ ಗಾಲಿ ಬಿಚ್ಚಿ ನೋಡಿದ. ನೆಲದ ತೇವ ತಾಡಪತ್ರಿಯ ಕೆಳಗೇ ಉಳಿದು, ನಿಂತಲ್ಲೇ ನಿಂತ ಆಕ್ಸಲಿಗೆ ತುಕ್ಕು ಹಿಡಿಸಿತ್ತು. ಗಾಡಿ ಹೊರಟಾಗ ಆ ತುಕ್ಕೇ ಸೀಲಿನ ಅಂಚನ್ನು ಹರಿದಿತ್ತು.

"ಹೊಳ್ಯಾಗ ಮುಣಗಿಸಿದ್ರೇನ್ರಿ ಸಾಹೇಬ್ರ?"

"ಇಲ್ಲಪ್ಪ. ತಾಡಪತ್ರಿ ಹೊಚ್ಚಿದ್ದೆ."

ಹೊಸ ಸೀಲು ಬಂತು. ಹೊಸ ಚಿಂತೆಯನ್ನು ನಾನೇ ಮೊಬೈಲಿನ ವಿಡಿಯೋಗಳಲ್ಲಿ ಹುಡುಕಿಕೊಂಡೆ: ದೂರ ಓಡಿ ಕಾದ ಆಕ್ಸಲನ್ನು ಒಮ್ಮೆಲೇ ತಣ್ಣೀರಿಗೆ ಇಳಿಸಬಾರದಂತೆ. ಒಳಗಿನ ಬಿಸಿಗಾಳಿ ಕುಗ್ಗಿ, ಸೀಲಿನ ಸಂದಿಯಿಂದ ನೀರನ್ನು ಹೀರಿಕೊಳ್ಳುತ್ತದಂತೆ.

ಈ ಜ್ಞಾನ ಇನ್ನೂ ಬಿಸಿಯಾಗಿದ್ದಾಗಲೇ ತಮ್ಮನ ಮಗಳ ತೊಟ್ಟಿಲ ಕಾರ್ಯ ಬಂತು, ಭಾಲ್ಕಿಯಲ್ಲಿ, ಅವನ ಮಾವನ ಮನೆಯಲ್ಲಿ. ತಡವಾಗಿ ಮದುವೆಯಾಗಿ, ಇನ್ನೂ ತಡವಾಗಿ ತಂದೆಯಾದವನು ಅವನು. ಕೂಸಿನ ಕಿವಿಯಲ್ಲಿ ಮೊದಲು ಹೆಸರು ಹೇಳುವ ಹಕ್ಕು ಸೋದರತ್ತೆಯದು, ಅಂದರೆ ನಮ್ಮ ಅಕ್ಕನದು. ನನ್ನ ಮಗನ ಸಲ ಅವಳೇ ಬಾಣಂತಿಯಾಗಿದ್ದಳು. ಹೆಸರನ್ನು ಬೇರೆ ಯಾರೋ ಹೇಳಿದರು. ಅವಳಿಗೆ ಉಳಿದದ್ದು ಇದೊಂದೇ ಕೂಸು.

ಅಕ್ಕನ ಮನೆ ಔರಾದ ತಾಲೂಕಿನಲ್ಲಿ, ಠಾಣಾ ಕುಶನೂರಿನ ಆಚೆ ಹೊಲದಲ್ಲಿದೆ. ದಾರಿಗೆ ಅಡ್ಡ ಒಂದು ಹಳ್ಳ. ಹಿಂದಿನ ದಿನವೇ ಹೊರಡಬೇಕಿದ್ದವಳನ್ನು ಮೊದಲು ಎಮ್ಮೆ ಈದು ತಡೆಯಿತು, ಆಮೇಲೆ ಅಕಾಲದ ಮಳೆ ಸುರಿದು ಹಳ್ಳ ತಡೆಯಿತು. ಬೆಳಿಗ್ಗೆ ಫೋನು ಬಂತು.

"ತಮ್ಮಾ, ಹೊತ್ತು ನೆತ್ತಿಗಿ ಬರೋದ್ರಾಗ ಹೆಸರಿಡ್ತಾರ. ನಾ ಮುಟ್ಟಲಿಲ್ಲಂದ್ರ ಅವರ ಕಡೇದಾಕಿ ಯಾರರೆ ಹೇಳ್ತಾಳ. ನಿನ್ನ ಜೀಪ ಅದಲ್ಲ, ಹಳ್ಳ ದಾಟಿ ಬಾ."

ನಾನು ತಲುಪುವಷ್ಟರಲ್ಲಿ ಸೆಳವು ಇಳಿದು ನೀರು ಮೊಣಕಾಲುದ್ದ ಉಳಿದಿತ್ತು. ಆಚೆ ದಡದಲ್ಲಿ ಅಕ್ಕ ರೇಷ್ಮೆ ಸೀರೆಯುಟ್ಟು, ಶೇಂಗಾ ಉಂಡೆಯ ಡಬ್ಬಿ ಹಿಡಿದು ನಿಂತಿದ್ದಳು. ನಾನು ಈಚೆ ದಡದಲ್ಲಿ ಗಾಡಿ ನಿಲ್ಲಿಸಿ, ಇಳಿದು, ಬಗ್ಗಿ ಆಕ್ಸಲ್ ಮುಟ್ಟಿದೆ. ಒಲೆಯ ಮೇಲಿನ ಹಂಚು!

"ಯಾಕ ನಿಂತಿ? ಬಾ!"

"ಬರ್ತೇನಿ, ಜರಾ ತಡಿ! ಆಕ್ಸಲ್ ಕಾದದ! ಆರ್ಲಿ!"

"ಆರಸಲಕ್ಕ ಅದೇನು ಹಾಲೇನೋ?"

"ನೀರು ಒಳಗ ಹೋಗ್ತದ ಅಕ್ಕಾ! ಸೀಲು ಹೊಸಾದು!"

ಗಾಳಿ ಕುಗ್ಗುವುದನ್ನು ಎರಡೂ ಕೈಯಿಂದ ಮಾಡಿ ತೋರಿಸಿದೆ. ಅವಳಿಗೆ ಅದು ಏನಾಗಿ ಕಂಡಿತೋ, ಹಣೆ ಚಚ್ಚಿಕೊಂಡಳು. ಅಷ್ಟರಲ್ಲಿ ಆಡು ಕಾಯುವ ಮುದುಕರೊಬ್ಬರು ಹಿಂಡಿನೊಡನೆ ಬಂದರು.

"ಗಾಡಿ ಬಂದ್ ಬಿದ್ದದೇನ್ರಿ? ನೂಕ್ಲೇನ್ರಿ?"

"ಇಲ್ಲ ಕಾಕಾ, ಗಾಡಿ ಛಲೋ ಅದ."

"ಮತ್ತ?"

ಆ 'ಮತ್ತ'ಕ್ಕೆ ನಾನು ಬಗ್ಗಿ ಇನ್ನೊಮ್ಮೆ ಆಕ್ಸಲ್ ಮುಟ್ಟಿ ನೋಡಿದೆ. ಆಡುಗಳು ಹೊಟ್ಟೆ ತೊಯಿಸಿಕೊಂಡು ದಾಟಿಹೋದವು, ಅವರೂ ದಾಟಿದರು. ಅಕ್ಕ ಒಮ್ಮೆ ಸೂರ್ಯನನ್ನು ನೋಡಿದಳು, ಒಮ್ಮೆ ನನ್ನನ್ನು. ಸೀರೆ ಮೇಲೆತ್ತಿ ಸಿಕ್ಕಿಸಿ, ಡಬ್ಬಿ ತಲೆಯ ಮೇಲಿಟ್ಟು ನೀರಿಗಿಳಿದೇಬಿಟ್ಟಳು.

"ಬ್ಯಾಡ ಅಕ್ಕಾ! ಕಾಲು ಜಾರ್ತದ!"

"ಜಾರಲಿ ಬಿಡು! ನಿನ್ನ ಸೀಲು ಸುಖವಾಗಿರ್ಲಿ!"

ಬೂಟು ಬಿಚ್ಚುವುದಕ್ಕೂ ನಿಲ್ಲದೆ ನೀರಿಗೆ ನುಗ್ಗಿ ಅವಳ ಕೈ ಹಿಡಿದೆ. ಹಳ್ಳ ದಾಟಲೆಂದೇ ಹುಟ್ಟಿದ ಗಾಡಿ ದಡದಲ್ಲಿ ಬೆಚ್ಚಗೆ ನಿಂತಿತ್ತು. ಅದರ ಮಾಲೀಕ ನಡುಹಳ್ಳದಲ್ಲಿ ಉಂಡೆಯ ಡಬ್ಬಿ ಹೊತ್ತಿದ್ದ. ದಡ ಹತ್ತಿ ಭಾಲ್ಕಿಯ ದಾರಿ ಹಿಡಿದೆವು. ದಾರಿಯುದ್ದಕ್ಕೂ ಅಕ್ಕ ಸೀರೆಯಂಚು ಹಿಂಡುತ್ತ, ಹೊತ್ತು ಎಷ್ಟು ಏರಿತೆಂದು ಕಿಟಕಿಯಿಂದ ನೋಡುತ್ತ ಕೂತಿದ್ದಳು. ಆ ದಿನ ನಾನು ಮೊದಲ ಸಲ ಗುಂಡಿ ನೋಡದೆ ಗಾಡಿ ಓಡಿಸಿದೆ.

ನಾವು ಒಳಗೆ ಹೋದಾಗ ತಮ್ಮನ ಹೆಂಡತಿಯ ಅಕ್ಕ ಆಗಲೇ ತೊಟ್ಟಿಲಿಗೆ ಬಗ್ಗಿದ್ದಳು. ಸುತ್ತಲೂ ಹೆಂಗಸರು ಕೈ ಎತ್ತಿ ಸಿದ್ಧರಾಗಿದ್ದರು. ನಮ್ಮ ಕಡೆ ಹೆಸರು ಹೇಳುವವಳ ಬೆನ್ನಿಗೆ ಉಳಿದವರೆಲ್ಲ ಗುದ್ದುವುದು ಪದ್ಧತಿ.

"ತಡೀರವ್ವಾ!" ಹೊಸ್ತಿಲಿನಿಂದಲೇ ಅಕ್ಕ ಕೂಗಿದಳು. "ನಾ ಬಂದೇನಿ!"

ಆಕೆ ನಗುತ್ತ ಪಕ್ಕಕ್ಕೆ ಸರಿದಳು. "ಬರ್ರಿ ಅಕ್ಕೋರ. ತಡಾ ಮಾಡೀರಿ, ಗುದ್ದು ಜಾಸ್ತಿ ಬೀಳ್ತಾವ ನೋಡ್ರಿ."

"ಹಾಕ್ರಿ. ಅರ್ಧಾ ಇವನಿಗಿ ಹಾಕ್ರಿ."

ಅಕ್ಕ ಒದ್ದೆ ಸೀರೆಯಲ್ಲೇ ಬಗ್ಗಿದಳು. ನ್ಯಾಯವಾಗಿ ನನಗೆ ಸೇರಬೇಕಾದ ಗುದ್ದುಗಳೂ ಅವಳ ಬೆನ್ನಿಗೇ ಬಿದ್ದವು. ಕೂಸಿನ ಕಿವಿಯಲ್ಲಿ ಏನು ಹೇಳಿದಳೋ ಆ ಗದ್ದಲದಲ್ಲಿ ಕೇಳಲಿಲ್ಲ. ಎದ್ದಾಗ ಅವಳ ಕಣ್ಣು ತುಂಬಿತ್ತು. ಗುದ್ದಿನ ಪೆಟ್ಟು ಜೋರಾಯಿತೆಂದಳು, ಯಾರೂ ನಂಬಲಿಲ್ಲ.

ನಾನು ಮೆಲ್ಲಗೆ ಬಾಗಿಲ ಕಡೆ ಸರಿಯುತ್ತಿದ್ದೆ. ಅಷ್ಟು ಗುಂಡಿ ಹಾರಿಸಿದ ಮೇಲೆ ಗಾಡಿಯ ಕೆಳಗೊಮ್ಮೆ ನೋಡುವುದು ಒಳ್ಳೆಯದಲ್ಲವೇ.

"ಎಲ್ಲಿ ಹೊಂಟಿ? ಬಾ ಇಕಡಿ, ಕೂಸಿನ ಮಾರಿ ನೋಡು ಮೊದ್ಲ."

ನೋಡಿದೆ. ಅಂಗೈಯಗಲದ ಮುಖ, ಎದೆಬಡಿತಕ್ಕೊಮ್ಮೆ ಮಿಡಿಯುವ ಮೆತ್ತನೆಯ ನೆತ್ತಿ. ಹಾಗೇ ಕಣ್ಣು ಮೇಲೆ ಹೋಯಿತು. ತೊಟ್ಟಿಲ ಹಗ್ಗದ ಒಂದು ಗಂಟು ನನಗೆ ಯಾಕೋ ಸರಿ ಕಾಣಲಿಲ್ಲ. ಎಲ್ಲರೂ ಊಟಕ್ಕೆ ಎದ್ದರು. ನಾನು ತೊಟ್ಟಿಲ ಕೆಳಗೆ ಕೈಯೊಡ್ಡಿ ಅಲ್ಲೇ ಕೂತೆ.