ತೂಕ ಕೇಳುತ್ತಾ ನಿಂತ ಹರಾಜು

ಮೊಮ್ಮಕ್ಕಳೇ, ಆ ವರ್ಷ ನಿಮ್ಮಮ್ಮ ಯಾಕೆ ಅಷ್ಟು ಸಿಡುಕುತ್ತಿದ್ದಳು ಎಂದು ಕೇಳಿದ್ದಿರಿ. ಬಾಯಲ್ಲಿ ಹೇಳಲು ನನಗೆ ಬರುವುದಿಲ್ಲ. ಬರೆದರೆ ಸ್ವಲ್ಪ ಬರುತ್ತದೆ.

ಶಿರಾದ ಕೆಲವು ಕಡಲೆಕಾಯಿ ಮಂಡಿಯವರು ಸೇರಿ ಹರಾಜಿಗೆಂದು ಒಂದು ವೆಬ್‌ಸೈಟ್ ಮಾಡಿಸಿಕೊಂಡಿದ್ದರು. ರೈತರು ತಂದ ಮೂಟೆಗಳನ್ನು ತೂಗಿ ಲಾಟ್ ನಂಬರು ಕೊಡುತ್ತಾರೆ. ವ್ಯಾಪಾರಿಗಳು ಮೊಬೈಲಿನಲ್ಲಿ ಲಾಟ್ ನೋಡಿ ಬೆಲೆ ಹಾಕುತ್ತಾರೆ. ಮಧ್ಯಾಹ್ನ ಗಂಟೆ ಹೊಡೆದಾಗ ಹೆಚ್ಚು ಹಾಕಿದವನಿಗೆ ಮಾಲು. ಈ ವೆಬ್‌ಸೈಟು ನಿಮ್ಮಮ್ಮನ ಕೆಲಸ. ಇದೊಂದು ಕೆಲಸ ಇಲ್ಲಿದ್ದದ್ದರಿಂದಲೇ ಅವಳ ಕಂಪನಿಯವರು ಅವಳನ್ನು ಶಿರಾದಲ್ಲಿರಲು ಬಿಟ್ಟಿದ್ದರು. ಇದು ಹೋದರೆ ಅವಳು ಬೆಂಗಳೂರಿಗೆ ಹೋಗಬೇಕಿತ್ತು, ಅವಳ ಜೊತೆ ನೀವೂ.

ಆದರೆ ಅದು ಹರಾಜಿನ ದಿನ ಮಾತ್ರ ಕೈಕೊಡುತ್ತಿತ್ತು. ತಾವರೆಕೆರೆ ಹತ್ತಿರದ ನಮ್ಮ ಹೊಲದ ಕಾಯಿಯನ್ನು ನಾನೂ ಒಮ್ಮೆ ಮಂಡಿಗೆ ಹಾಕಿಸಿದ್ದೆ. ಗಂಡಸರ ಮಧ್ಯೆ ನಿಲ್ಲಲು ಸಂಕೋಚವಾಗಿ ನನ್ನ ಮೂಟೆಗಳ ಹಿಂದೆ ಕೂತಿದ್ದೆ.

"ಭಾಯ್, ನಿಂದು ಓಪನ್ ಆಯ್ತಾ?" ಎಂದು ಒಬ್ಬ ವ್ಯಾಪಾರಿ ಪಕ್ಕದವನನ್ನು ಕೇಳಿದ.

"ಎಲ್ಲಿ? ಸುತ್ತುತಾನೇ ಐತೆ. ಗಾಣದೆತ್ತಾದ್ರೂ ಒಂದ್ ಗಳಿಗೆ ನಿಂತ್ಕಂತದೆ."

"ಇನ್ನೊಂದ್ಸಲ ಒತ್ತು."

"ಒತ್ತಿ ಒತ್ತಿ ಬೆರಳು ಸವೆದೋಯ್ತು ಕಣ್ಲಾ! ಇದ ಮಾಡಿದೋರ್ನ ತಂದು ಇಲ್ಲಿ ಬಿಸ್ಲಲ್ಲಿ ನಿಲ್ಲಿಸ್ಬೇಕು."

ನಾನು ಸೆರಗನ್ನು ಮುಂದಕ್ಕೆಳೆದುಕೊಂಡೆ. ಅಷ್ಟರಲ್ಲಿ ಗಂಟೆ ಹೊಡೆಯಿತು. ನನ್ನ ಲಾಟಿಗೆ ಯಾರ ಬೆಲೆಯೂ ಬಿದ್ದಿರಲಿಲ್ಲ. ಮೂಟೆಗಳನ್ನು ಮತ್ತೆ ಆಟೋಗೆ ಏರಿಸಿಕೊಂಡು ಮನೆಗೆ ಬಂದೆ. ಬರುವಷ್ಟರಲ್ಲಿ ನಿಮ್ಮಮ್ಮನಿಗೆ ಮಂಡಿಯ ಯಜಮಾನರ ಫೋನು ಬಂದಿತ್ತು. ಇನ್ನೆರಡು ಹರಾಜು ನೋಡುತ್ತೇವೆ, ಹೀಗೇ ಆದರೆ ಮೊದಲಿನ ಹಾಗೆ ಚೀಟಿಯಲ್ಲೇ ಬೆಲೆ ಬರೆಯುತ್ತೇವೆ ಎಂದಿದ್ದರು.

ನಿಮ್ಮಮ್ಮ ಸುಮ್ಮನೆ ಕೂತಿರಲಿಲ್ಲ. ಆ ವೆಬ್‌ಸೈಟು ಜಾವಾದಲ್ಲಿ ಬರೆದದ್ದು, ಒಂದೇ ಪ್ರೋಗ್ರಾಂ ಅಲ್ಲ. ಲಾಗಿನ್ ನೋಡುವುದು ಒಂದು, ಲಾಟ್ ತೋರಿಸುವುದು ಇನ್ನೊಂದು, ತೂಕ ಹೇಳುವುದು ಮತ್ತೊಂದು. ಇವಕ್ಕೆ ಸರ್ವಿಸ್ ಎನ್ನುತ್ತಾರೆ. ಒಂದು ಪುಟ ತೆರೆಯಬೇಕಾದರೆ ಅವೆಲ್ಲ ಒಂದನ್ನೊಂದು ಕೇಳಿಕೊಂಡು ಉತ್ತರ ಕೂಡಿಸಬೇಕು. ತೂಕದ್ದನ್ನು ಮಾಡಿದವರು ಬೇರೆ ಕಂಪನಿಯವರು. ಅವಳು ಫೋನ್ ಮಾಡಿದಾಗಲೆಲ್ಲ ಅವರದು ಒಂದೇ ಮಾತು: "ನಮ್ಮ ಕಡೆಯಿಂದ ಏನೂ ಪ್ರಾಬ್ಲಂ ಇಲ್ಲ ಮೇಡಂ. ಇಡೀ ದಿನದ ಸರಾಸರಿ ಸ್ಪೀಡ್ ನೋಡಿ, ಚೆನ್ನಾಗಿದೆ."

"ಇಡೀ ದಿನ ಯಾರಿಗೆ ಬೇಕಮ್ಮ!" ಎಂದು ಅವಳು ಫೋನನ್ನು ಹಾಸಿಗೆಯ ಮೇಲೆ ಎಸೆದಳು. ತಪ್ಪು ಡೇಟಾಬೇಸಿನದು ಎಂದಳು, ನೆಟ್‌ವರ್ಕಿನದು ಎಂದಳು, ಸರ್ವರಿಗೆ ಮೆಮೊರಿ ಹೆಚ್ಚಿಸಿದಳು. ನೂರಾರು ಜನ ಒತ್ತಿದ ಹಾಗೆ ತಾನೇ ಮನೆಯಿಂದ ಪರೀಕ್ಷೆ ಮಾಡಿದರೆ ನೀರು ಹರಿದ ಹಾಗೆ ಓಡುತ್ತಿತ್ತು. ಊಟಕ್ಕೆ ಕರೆದರೆ ನನ್ನ ಮೇಲೆ ರೇಗುತ್ತಿದ್ದಳು. ನನಗೂ ಸಿಟ್ಟು. ಯಾರ ಮೇಲೆ ಎಂದು ಮಾತ್ರ ತಿಳಿಯುತ್ತಿರಲಿಲ್ಲ.

ಮುಂದಿನ ಹರಾಜಿಗೆ ಲ್ಯಾಪ್‌ಟಾಪ್ ಹಿಡಿದು ಅವಳೇ ನನ್ನ ಜೊತೆ ಬಂದಳು. ಕಾಯಿ ಮಾರಲು ಬಂದವಳೆಂದೇ ಎಲ್ಲರೂ ತಿಳಿದರು. ಬೆಳಗಿನಿಂದ ಬೆಲೆ ಹಾಕಬಹುದಿತ್ತು, ಆದರೆ ಯಾವ ವ್ಯಾಪಾರಿಯ ಕೈಯಲ್ಲೂ ಮೊಬೈಲಿಲ್ಲ. ಟೀ ಕುಡಿಯುತ್ತಾರೆ, ಕಾಯಿ ಸುಲಿದು ಬಾಯಿಗೆ ಹಾಕಿಕೊಳ್ಳುತ್ತಾರೆ, ಮಳೆಯ ಮಾತಾಡುತ್ತಾರೆ.

"ಇವರ್ಯಾಕೆ ಸುಮ್ನೆ ಕೂತವ್ರೆ?" ಎಂದು ಅವಳು ಪಿಸುಗುಟ್ಟಿದಳು.

ತನ್ನ ಬೆಲೆಯನ್ನು ಮೊದಲು ತೋರಿಸಿಕೊಂಡವನು ದಡ್ಡ ಎನ್ನುವುದು ಇಲ್ಲಿಯ ವ್ಯಾಪಾರದ ರೀತಿ. ಹಿಂದೆ ಟವೆಲಿನ ಕೆಳಗೆ ಬೆರಳು ಹಿಡಿದು ಬೆಲೆ ಹೇಳುತ್ತಿದ್ದವರು ಇವರು. ಮೊಬೈಲು ಬಂದರೂ ಗುಟ್ಟು ಬಿಡಲಿಲ್ಲ. ಗಂಟೆ ಹೊಡೆಯಲು ಕೆಲವೇ ನಿಮಿಷ ಇದೆ ಎನ್ನುವಾಗ ಎಲ್ಲರ ಕೈಯೂ ಒಟ್ಟಿಗೆ ಜೇಬಿಗೆ ಹೋಯಿತು. ಮಂಡಿಯಲ್ಲಿ ಮಾತೇ ನಿಂತಿತು. ಪುಟ ಸುತ್ತತೊಡಗಿತು.

ನಿಮ್ಮಮ್ಮ ಪಟಪಟ ಏನೋ ಒತ್ತಿದಳು. ಪ್ರೋಗ್ರಾಮಿನೊಳಗೆ ಆ ಕ್ಷಣ ಯಾವ ಯಾವ ಕೆಲಸ ಎಲ್ಲೆಲ್ಲಿ ನಿಂತಿದೆ ಎಂದು ತೋರಿಸುವ ಚಿತ್ರವಂತೆ ಅದು, ಥ್ರೆಡ್ ಡಂಪ್ ಎನ್ನುತ್ತಾರೆ.

"ಅಮ್ಮ, ಇಲ್ನೋಡು! ಎಲ್ಲ ಕೆಲ್ಸಾನೂ ತೂಕದ ಸರ್ವಿಸ್ ಹತ್ರ ತೂಕ ಕೇಳ್ಕಂಡು ನಿಂತವೆ. ಒಬ್ಬೊಬ್ಬರಿಗೂ ಒಂದೊಂದು ಲಾಟಿನ ತೂಕಾನೂ ಬೇರೆಬೇರೆಯಾಗಿ ಕೇಳ್ತಾ ಐತೆ. ಉತ್ತರ ಬರೋವರ್ಗೂ ಬಾಗ್ಲು ಬಿಟ್ಟು ಸರೀತಿಲ್ಲ, ಹಿಂದಿನೋರು ಒಳಕ್ಕೆ ಬರಂಗಿಲ್ಲ. ಅದಕ್ಕೇ ಲಾಗಿನ್ನೂ ಆಗ್ತಿಲ್ಲ."

ಅವಳ ಪರೀಕ್ಷೆಯಲ್ಲಿ ಜನ ಒಬ್ಬರ ಹಿಂದೆ ಒಬ್ಬರು ಬರುತ್ತಿದ್ದರು. ಹೀಗೆ ಒಟ್ಟಿಗೆ ಮೇಲೆ ಬೀಳುತ್ತಾರೆಂದು ಅವಳು ಎಣಿಸಿರಲಿಲ್ಲ. ಆವತ್ತೂ ಹರಾಜು ಮುರಿಯಿತು, ಬೈಗುಳಗಳನ್ನು ಇಬ್ಬರೂ ಕೂತು ಕೇಳಿದೆವು.

"ತೂಗಿಟ್ಟ ಮೂಟೆಯ ತೂಕ ಆಮೇಲೆ ಬದಲಾಗಲ್ಲ. ಪ್ರತಿ ಸಲ ಯಾಕೆ ಕೇಳ್ಬೇಕು ಅದು?" ಎಂದು ದಾರಿಯುದ್ದಕ್ಕೂ ಅವಳು ತನ್ನಷ್ಟಕ್ಕೆ ಅನ್ನುತ್ತಿದ್ದಳು. ಆ ವಾರ ಅದನ್ನೇ ಬದಲಿಸಿದಳು. ಎಲ್ಲ ಲಾಟಿನ ತೂಕವನ್ನೂ ಒಂದೇ ಸಲ ಕೇಳಿ ಇಟ್ಟುಕೊಳ್ಳುವುದು, ಉತ್ತರ ತಡವಾದರೆ ಕಾಯದೆ ಪುಟ ತೋರಿಸಿಬಿಡುವುದು. ಆಮೇಲೆ ಪರೀಕ್ಷೆಯಲ್ಲಿ ಎಲ್ಲರನ್ನೂ ಕೊನೆಯ ನಿಮಿಷಕ್ಕೇ ನುಗ್ಗಿಸಿ ನೋಡಿದಳು.

ಕೊನೆಯ ಅವಕಾಶದ ಹರಾಜಿಗೆ ನಾನೊಬ್ಬಳೇ ಹೋದೆ. ಬರುವ ಧೈರ್ಯ ಅವಳಿಗಿರಲಿಲ್ಲ. ಜೇಬಿನಿಂದ ಮೊಬೈಲುಗಳು ಹೊರಬಂದವು. ನಾನು ಕಣ್ಣು ಮುಚ್ಚಿಕೊಂಡೆ.

"ಥೂ, ಟಕ್ಕಂತ ಬಂದ್ಬುಡ್ತಲ್ಲ! ಯೋಚ್ನೆ ಮಾಡೋಕೂ ಬುಡಲ್ಲ ಇದು. ಮಾಡಿದೋರ್ಗೆ ಬುದ್ಧಿ ಐತಾ?" ಬೆರಳು ಸವೆಯಿತು ಎಂದಿದ್ದ ಅದೇ ವ್ಯಾಪಾರಿ.

ನನಗೆ ಎಲ್ಲಿಂದ ಧ್ವನಿ ಬಂತೋ ಕಾಣೆ. ಎದ್ದು ನಿಂತು, "ಮಾಡಿದೋಳು ನನ್ನ ಮಗಳು ಕಣಪ್ಪ," ಎಂದೆ.

ಗಂಟೆ ಹೊಡೆಯಿತು. ನನ್ನ ಲಾಟಿಗೂ ಬೆಲೆ ಬಿದ್ದಿತ್ತು. ಆತ ಕನ್ನಡಕ ಸರಿಮಾಡಿಕೊಂಡು ನನ್ನನ್ನೊಮ್ಮೆ, ಮೊಬೈಲನ್ನೊಮ್ಮೆ ನೋಡಿದ.

"ಅಂಗಾದ್ರೆ ಈ ಅಕ್ಷರ ಒಸಿ ದಪ್ಪ ಮಾಡೋಕೆ ಹೇಳಮ್ಮ. ಏನೂ ಕಾಣ್ಸಲ್ಲ."